ಸರಪಳಿಯ ಪದಕ

ಡಯಾಲಿಸಿಸ್ ವಾರ್ಡಿನಲ್ಲಿ ಅವನಿಗೆ ಸೂಜಿಯಣ್ಣ ಎಂದೇ ಹೆಸರು. ದಬ್ಬಣದಷ್ಟು ದಪ್ಪನೆಯ ಎರಡು ಸೂಜಿಗಳನ್ನು ವಾರಕ್ಕೆ ಮೂರು ಸಲ ತೋಳಿಗೆ ಚುಚ್ಚಿಸಿಕೊಳ್ಳುವವರಿಗೆ, ಚುಚ್ಚುವ ಕೈ ಯಾರದು ಎಂಬುದು ಸಣ್ಣ ಮಾತಲ್ಲ. ಅವನು ಚುಚ್ಚಿದರೆ ಇರುವೆ ಕಚ್ಚಿದಷ್ಟೇ ಎನ್ನುತ್ತಿದ್ದರು. ಅವನು ರಜೆ ಹಾಕಿದ ದಿನ ಕೆಲವರು ಮುಖ ಗಂಟುಹಾಕಿಕೊಂಡು ಮಲಗಿರುತ್ತಿದ್ದರು. ಐವತ್ಮೂರು ವಯಸ್ಸು, ಮಕ್ಕಳಿಲ್ಲ. ಹೆಂಡತಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕೊರೆದು ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು.

ವಾರ್ಡಿನವರಿಗೆ ಗೊತ್ತಿರದ ಹುಚ್ಚೊಂದು ಅವನಿಗಿತ್ತು. ಇಪ್ಪತ್ತು ವರ್ಷಗಳ ಹಿಂದೆ ನಿಂತುಹೋದ ಒಂದು ಮಾಸಪತ್ರಿಕೆ, ಹಿಪ್‌ಹಾಪ್ ಹಾಡುಗಾರರ ಸುದ್ದಿಗೇ ಮೀಸಲಾದದ್ದು. ಅದರ ಕೊನೆಯ ಪುಟದಲ್ಲಿ ಪ್ರತಿ ತಿಂಗಳು ಒಬ್ಬ ರ್‍ಯಾಪರ್‌ನ ವ್ಯಂಗ್ಯಚಿತ್ರ, ಇಡೀ ಪುಟದ್ದು, ಬಣ್ಣದಲ್ಲಿ. ಬರೆಯುತ್ತಿದ್ದವನು ಒಬ್ಬನೇ ಚಿತ್ರಕಾರ. ಅವನು ಬರೆದರೆ ಮಾನ ಹೋಯಿತು, ಬರೆಯದಿದ್ದರೆ ಹೆಸರೇ ಬರಲಿಲ್ಲ ಎಂದು ಹಾಡುಗಾರರು ಹೇಳಿಕೊಳ್ಳುತ್ತಿದ್ದರಂತೆ. ಸೂಜಿಯಣ್ಣ ತರಬೇತಿಯಲ್ಲಿದ್ದಾಗ, ಆರು ಜನರ ಹಾಸ್ಟೆಲ್ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಆ ಪತ್ರಿಕೆಯನ್ನು ಕೊನೆಯ ಪುಟದಿಂದಲೇ ಓದಲು ಶುರುಮಾಡುತ್ತಿದ್ದ. ಸಂಬಳ ಬರತೊಡಗಿದ ಮೇಲೆ ಆ ಪುಟಗಳ ಮೂಲಚಿತ್ರಗಳನ್ನು ಹುಡುಕಿಕೊಂಡು ಹೊರಟ.

ಅಚ್ಚಾದ ಪುಟಕ್ಕೂ ಮೂಲಚಿತ್ರಕ್ಕೂ ಎಷ್ಟು ಅಂತರವೆಂದು ಅವನು ಹೆಂಡತಿಗೆ ಮದುವೆಯಾದ ಹೊಸದರಲ್ಲಿ ಗಂಟೆಗಟ್ಟಲೆ ವಿವರಿಸಿದ್ದುಂಟು. ಮೂಲ ಒಂದೂವರೆ ಪಟ್ಟು ದೊಡ್ಡದು. ಕ್ಯಾಮೆರಾ ಕಣ್ಣಿಗೆ ಬೀಳದ ನೀಲಿ ಪೆನ್ಸಿಲಿನ ಗೆರೆಗಳು ಅದರಲ್ಲಿ ಹಾಗೇ ಉಳಿದಿರುತ್ತವೆ. ತಪ್ಪಿದ ಕಡೆ ಬಿಳಿ ಬಣ್ಣ ಮೆತ್ತಿದ್ದು ಬೆರಳಿಗೆ ಒರಟಾಗಿ ಸಿಗುತ್ತದೆ. ಅಂಚಿನಲ್ಲಿ ಸಂಪಾದಕರ ಕೈಬರಹ: ಎಡಕ್ಕೆ ಅರ್ಧ ಅಂಗುಲ ಕತ್ತರಿಸಿ, ಹಲ್ಲು ಇನ್ನೊಂದು ಇರಲಿ. ಹೆಂಡತಿ ಎಲ್ಲವನ್ನೂ ಕೇಳಿ, ಸರಿ, ಧೂಳು ಒರೆಸೋಳು ನಾನಲ್ಲ ಅಂತ ಈಗಲೇ ಹೇಳಿಬಿಡ್ತೀನಿ ಎಂದಿದ್ದಳು. ಇಪ್ಪತ್ತಾರು ವರ್ಷಗಳಲ್ಲಿ ನಲವತ್ತೊಂದು ಚಿತ್ರಗಳಾದವು. ಊಟದ ಕೋಣೆಯ ನಾಲ್ಕು ಗೋಡೆಗಳೂ ತುಂಬಿದವು. ನೆಂಟರು ಬಂದರೆ ಉಬ್ಬಿದ ಕೆನ್ನೆ, ಚಿನ್ನದ ಹಲ್ಲು, ಬುಟ್ಟಿಯಷ್ಟು ದೊಡ್ಡ ಟೋಪಿಗಳ ನಡುವೆ ಕೂತು ಉಣ್ಣಬೇಕಿತ್ತು. ಅವನ ಭಾವ ಮಾತ್ರ, ಇವರೆಲ್ಲ ನನ್ನ ತಟ್ಟೆಯನ್ನೇ ನೋಡ್ತಿದ್ದಾರೆ ಎಂದು ಪ್ರತಿ ಸಲವೂ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದ.

ಅವುಗಳಲ್ಲಿ ಒಂದನ್ನು ಚಿತ್ರಕಾರನೇ ತನ್ನ ಕೊನೆಗಾಲದಲ್ಲಿ ಮಾರಿದ್ದ. ಅವನ ಕೆಲಸದ ಕೋಣೆಯಲ್ಲಿ ಅದೊಂದು ಮಾತ್ರ ಗೋಡೆಗೆ ಮುಖ ಮಾಡಿ ನಿಂತಿತ್ತು. ಸೂಜಿಯಣ್ಣ ತಿರುಗಿಸಿ ನೋಡಿದ. ಸಿಂಹಾಸನದ ಮೇಲೆ ಗಂಟಲು ಎಂಬ ಅಡ್ಡಹೆಸರಿನ ರ್‍ಯಾಪರ್. ಆ ದಿನಗಳಲ್ಲಿ ಅವನ ಹಾಡು ಹಾಕದ ಕಾರೇ ಇರಲಿಲ್ಲ. ಮುಖದ ಮುಕ್ಕಾಲು ಭಾಗ ಬಾಯಿ. ಕತ್ತಿನಲ್ಲಿ ದಪ್ಪ ಚಿನ್ನದ ಸರಪಳಿ, ಅದರ ತುದಿಯಲ್ಲಿ ಪದಕದ ಬದಲು ಒಬ್ಬ ಮುದುಕಿ. ಅವನ ತಾಯಿ. ಮಂಡಿಯೂರಿ, ಬಕೆಟ್ಟು ಪಕ್ಕಕ್ಕಿಟ್ಟುಕೊಂಡು, ಮಗನ ಹೊಟ್ಟೆಯನ್ನು ನೆಲದಂತೆ ಒರೆಸುತ್ತಿದ್ದಾಳೆ. ಸರಪಳಿ ಅವಳ ಕೊರಳಿಗೆ ಬಿಗಿದಿದೆ. ಬಟ್ಟೆ ಹಿಂಡಿದ ನೀರಿನ ಹನಿಯೊಂದನ್ನು ಚಿತ್ರಕಾರ ಬಣ್ಣವೇ ಹಚ್ಚದೆ ಬಿಳಿ ಕಾಗದವಾಗಿ ಬಿಟ್ಟಿದ್ದ. ಅಷ್ಟು ಸಣ್ಣ ಜಾಗದಲ್ಲಿ, ಅಷ್ಟು ಕಡಿಮೆ ಗೆರೆಗಳಲ್ಲಿ ಒಬ್ಬ ಹೆಂಗಸಿನ ಸೊಂಟದ ನೋವನ್ನು ಯಾರೂ ಬರೆದದ್ದನ್ನು ಸೂಜಿಯಣ್ಣ ಕಂಡಿರಲಿಲ್ಲ.

"ತಗೊಂಡು ಹೋಗಿ," ಎಂದಿದ್ದ ಚಿತ್ರಕಾರ. "ನಾನು ಬರೆದದ್ದರಲ್ಲೇ ಒಳ್ಳೇದು ಅದು. ಆದರೆ ಮನೇಲಿ ಇಟ್ಕೊಳ್ಳೋಕಾಗಲ್ಲ."

ಸೂಜಿಯಣ್ಣ ಅದನ್ನು ತಂದು ತಾನು ಊಟಕ್ಕೆ ಕೂರುವ ಜಾಗದ ಎದುರಿಗೇ ತೂಗುಹಾಕಿದ. ವರ್ಷಗಟ್ಟಲೆ ಅದು ಅಲ್ಲೇ ಇತ್ತು.

ಹನ್ನೊಂದನೆಯ ವರ್ಷ ಗಂಟಲು ವಾರ್ಡಿಗೆ ಬಂದ. ಏಳನೇ ನಂಬರಿನ ಕುರ್ಚಿ, ಬೆಳಗಿನ ಪಾಳಿ. ಕಡತದಲ್ಲಿದ್ದ ಹೆಸರು ಬೇರೆಯೇ ಆಗಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿ, ಕಣ್ಣ ಕೆಳಗೆ ನೀರು ತುಂಬಿಕೊಂಡಿತ್ತು. ಆದರೆ ತೂಕದ ಯಂತ್ರದ ಮೇಲೆ ನಿಂತು ಅವನು ಅಂಕಿಯನ್ನು ಗಟ್ಟಿಯಾಗಿ ಓದಿದಾಗ, ಆ ದನಿ ಸೂಜಿಯಣ್ಣನ ಬೆನ್ನುಹುರಿಯಲ್ಲಿ ಇಳಿದುಹೋಯಿತು. ಮೂವತ್ತು ವರ್ಷ ಕಿವಿಯಲ್ಲಿ ಕೇಳಿದ ದನಿ. ಅವನ ತೋಳು ಹಿಡಿದು ಸೂಜಿಯಣ್ಣ ನರವನ್ನು ಎರಡೆರಡು ಸಲ ತಡವಿ ನೋಡಿದ.

ಜೊತೆಗೆ ಬರುತ್ತಿದ್ದವಳು ಮಗಳು. ಅವಳಿಗೆ ಕಾರು ಕಲಿಸುವ ಕೆಲಸ. ಬೆಳಗ್ಗೆ ಅಪ್ಪನನ್ನು ಇಳಿಸಿ, ನಾಲ್ಕು ಗಂಟೆ ಹೊತ್ತಿನಲ್ಲಿ ಇಬ್ಬರು ಮೂವರಿಗೆ ಪಾಠ ಮುಗಿಸಿ, ಮತ್ತೆ ಬಂದು ಕರೆದೊಯ್ಯುತ್ತಿದ್ದಳು. ಹೆಚ್ಚು ಮಾತಿಲ್ಲ. ಆಡಿದರೆ ನಿಧಾನವಾಗಿ, ಪಕ್ಕದ ಸೀಟಿನಲ್ಲಿ ಕೂತು ಹೆದರಿದವರಿಗೆ ಹೇಳಿಕೊಡುವವರ ಹಾಗೆ.

ನಾಲ್ಕು ಗಂಟೆ ಮನುಷ್ಯ ಏನು ಮಾಡಬೇಕು. ಕೆಲವರು ನಿದ್ದೆ ಮಾಡುತ್ತಾರೆ, ಕೆಲವರು ಯಂತ್ರದ ಕೆಂಪು ಅಂಕಿ ಇಳಿಯುವುದನ್ನೇ ನೋಡುತ್ತಾರೆ. ಗಂಟಲು ಮಾತಾಡಿದ. ಸೂಜಿಯಣ್ಣನಿಗೆ ಆ ಕಾಲದ ಹಾಡುಗಳೆಲ್ಲ ಬಾಯಿಪಾಠ ಎಂದು ತಿಳಿದ ಮೇಲಂತೂ ಅವನ ಮಾತಿಗೆ ತಡೆಯೇ ಇರಲಿಲ್ಲ. ಯಾರು ಯಾರ ಪ್ರಾಸ ಕದ್ದರು, ಸ್ಟೇಜಿನ ಹಿಂದೆ ಯಾರು ಯಾರಿಗೆ ಹೊಡೆದರು, ಆ ಕೊನೆಯ ಪುಟದಲ್ಲಿ ತನ್ನ ಕಿವಿಯನ್ನು ಮೊರದಷ್ಟು ಅಗಲ ಬರೆದರೆಂದು ಯಾರು ಮೂರು ತಿಂಗಳು ಟೋಪಿ ತೆಗೆಯಲಿಲ್ಲ. ಸೂಜಿಯಣ್ಣ ನಗುತ್ತಾ, ರಕ್ತದೊತ್ತಡ ನೋಡುತ್ತಾ, ಕೇಳಿಸಿಕೊಳ್ಳುತ್ತಿದ್ದ. ಮನೆಗೆ ಹೋಗಿ ಪ್ರತಿಯೊಂದು ಚಿತ್ರಕ್ಕೂ ಇಟ್ಟಿದ್ದ ಪುಸ್ತಕದಲ್ಲಿ ಆಯಾ ಕಥೆಯನ್ನು ಬರೆದಿಡುತ್ತಿದ್ದ. ಸಂಗ್ರಹಕಾರನಿಗೆ ಚಿತ್ರದಷ್ಟೇ ಚಿತ್ರದ ಕಥೆಯೂ ಮುಖ್ಯ. ತನ್ನ ಮನೆಯ ಗೋಡೆಗಳ ವಿಷಯ ಮಾತ್ರ ಅವನು ಬಾಯಿಬಿಡಲಿಲ್ಲ. ಮೊದಲ ವಾರ ಸಂಕೋಚದಿಂದ ಹೇಳಲಿಲ್ಲ. ಆಮೇಲೆ, ಮೊದಲ ವಾರ ಹೇಳಲಿಲ್ಲವಲ್ಲ ಎಂಬ ಕಾರಣಕ್ಕೆ ಹೇಳಲಾಗಲಿಲ್ಲ.

ಎಂಟು ತಿಂಗಳ ಮೇಲೆ ಒಂದು ದಿನ ಗಂಟಲು ತನ್ನ ಚಿತ್ರದ ಮಾತೆತ್ತಿದ.

ಅವನ ತಾಯಿ ಬಸ್ ನಿಲ್ದಾಣದಲ್ಲಿ ನೆಲ ಒರೆಸುತ್ತಿದ್ದವಳು. ಮಗನಿಗೆ ಹೆಸರು ಬಂದ ಮೇಲೂ ಬಿಡಲಿಲ್ಲ, ಅಲ್ಲಿ ಅವಳ ಗೆಳತಿಯರಿದ್ದರು. ಮಗನಿಗೆ ಅದು ಅವಮಾನವಾಗಿರಲಿಲ್ಲ, ಬದಲಿಗೆ ಜಂಬಕ್ಕೊಂದು ಸಾಮಗ್ರಿಯಾಗಿತ್ತು. ಪತ್ರಿಕೆಯವರು ಸಂದರ್ಶನಕ್ಕೆ ಬಂದಾಗ, ನಮ್ಮಮ್ಮ ನೆಲ ಒರೆಸ್ತಾಳೆ, ನಾನು ಎದುರಾಳಿಗಳನ್ನ ಒರೆಸಿ ಹಾಕ್ತೀನಿ ಎಂದಿದ್ದ. ಆ ತಿಂಗಳು ಚಿತ್ರ ಬಂತು. ಯಾರೋ ಪುಟವನ್ನು ಹರಿದು ಬಸ್ ನಿಲ್ದಾಣದ ಕಂಬಗಳಿಗೆ ಅಂಟಿಸಿದರು. ತಾಯಿ ಒಂದು ಬೆಳಗ್ಗೆ ಬಕೆಟ್ಟು ಹಿಡಿದು ಹೋದವಳು ಒಂಬತ್ತು ಕಂಬಗಳಿಂದ ತನ್ನನ್ನು ತಾನೇ ಕೆರೆದು ತೆಗೆದಳು. ಮಾರನೆಯ ದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಮಗನನ್ನು ಬಯ್ಯಲಿಲ್ಲ. ಎರಡು ವರ್ಷ ಕಿಟಕಿ ಪಕ್ಕ ಕೂತಿದ್ದು ಸತ್ತಳು.

"ಅಚ್ಚಾದದ್ದು ಹೋಗಲಿ ಬಿಡು," ಎಂದ ಗಂಟಲು. ಕಣ್ಣು ಮುಚ್ಚಿಕೊಂಡಿದ್ದ. "ಅದು ರದ್ದಿಗೆ ಹೋಗುತ್ತೆ. ಆದರೆ ಅವನು ಕೈಯಾರೆ ಬರೆದದ್ದು ಒಂದಿರುತ್ತಲ್ಲ. ಅದು ಯಾರದೋ ಮನೆ ಗೋಡೆ ಮೇಲಿದೆ. ನಮ್ಮಮ್ಮ ಇನ್ನೂ ಅಲ್ಲಿ ಮಂಡಿ ಊರ್ಕೊಂಡೇ ಇದ್ದಾಳೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೂಜಿಯಣ್ಣ ಯಂತ್ರದ ಕಡೆ ತಿರುಗಿ, ಸರಿಯಾಗಿಯೇ ಇದ್ದ ಕೊಳವೆಯನ್ನು ಸರಿಪಡಿಸಿದ. ಗಂಟಲು ಕೇಳಿದ್ದು ಇಷ್ಟೇ: ಈ ಹಳೇ ಕಾಗದಗಳನ್ನು ಕೊಳ್ಳುವವರು ಯಾರಾದರೂ ಗೊತ್ತಿದ್ದರೆ ವಿಚಾರಿಸು. ಸಿಕ್ಕರೆ ನನ್ನ ಕೈಯಾರೆ ಸುಡಬೇಕು.

ನೋಡೋಣ, ಹುಡುಕಿಸ್ತೀನಿ ಎಂದ ಸೂಜಿಯಣ್ಣ.

ಆ ಸಂಜೆ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಊಟದ ತಟ್ಟೆಯಿಂದ ತಲೆಯೆತ್ತಿ ಎದುರಿನ ಗೋಡೆಯನ್ನು ನೋಡಿದಳು. ಕೊಟ್ಟುಬಿಡಿ ಎಂದಳು, ಉಪ್ಪಿನ ಡಬ್ಬಿ ಕೊಡಿ ಎನ್ನುವಷ್ಟು ಸಹಜವಾಗಿ. ಅವನು ಮೂರು ಕಾರಣ ಹೇಳಿದ. ಸುಟ್ಟರೆ ಮತ್ತೆ ಹುಟ್ಟುವ ವಸ್ತುವಲ್ಲ ಅದು. ಚಿತ್ರಕಾರನೂ ಸತ್ತಿದ್ದಾನೆ, ಅವನ ಅತ್ಯುತ್ತಮ ಕೆಲಸ ಉಳಿಯಬೇಡವೇ. ಆ ತಾಯಿಯನ್ನು ಅಷ್ಟು ಕನಿಕರದಿಂದ ಯಾರೂ ನೋಡಿರಲಿಲ್ಲ, ಗಂಟಲಿಗೇ ಅದು ಕಾಣುತ್ತಿಲ್ಲ. ಹೆಂಡತಿ ಮೂರನ್ನೂ ಕೇಳಿಸಿಕೊಂಡು, ಬಾಯಲ್ಲಿ ಬೆಲ್ಲ ಇಟ್ಕೊಂಡು ಮಾತಾಡೋದು ನಿಮಗೆ ಯಾವಾಗ ಬಂತು ಎಂದು ಕೇಳಿದಳು. ಮಾರನೆಯ ದಿನದಿಂದ ತನ್ನ ತಟ್ಟೆಯನ್ನು ಅಡುಗೆಮನೆಗೆ ಒಯ್ದಳು. ಅಲ್ಲೇ ಕಟ್ಟೆಯ ಪಕ್ಕ ಸ್ಟೂಲಿನ ಮೇಲೆ ಕೂತು ಉಂಡಳು. ಅವನೂ ಕರೆಯಲಿಲ್ಲ.

ಗಂಟಲು ಹೇಳಿದ ಆ ಮಾತನ್ನೂ ಅವನು ಪುಸ್ತಕದಲ್ಲಿ ಬರೆದಿಟ್ಟ. ಅಕ್ಷರಶಃ, ತಾರೀಖಿನ ಸಮೇತ.

ಗಂಟಲು ಪದೇ ಪದೇ ಕೇಳುವವನಲ್ಲ. ತಿಂಗಳಿಗೊಮ್ಮೆ, ಸೂಜಿ ಕೀಳುವಾಗ, ಏನಾದ್ರೂ ಸುಳಿವು ಸಿಕ್ತಾ ಎನ್ನುತ್ತಿದ್ದ. ಇಲ್ಲ, ಒಬ್ಬರಿಗೆ ಹೇಳಿದ್ದೀನಿ ಎಂದು ಇವನು ಹತ್ತಿ ಒತ್ತಿ ಹಿಡಿದುಕೊಂಡೇ ಹೇಳುತ್ತಿದ್ದ. ಒಂದು ಸುಳ್ಳಿಗೆ ನೂರು ಸುಳ್ಳು. ಇಲ್ಲದ ಒಬ್ಬ ವ್ಯಾಪಾರಿ ಹುಟ್ಟಿಕೊಂಡ, ಅವನು ಪರವೂರಿಗೆ ಹೋದ, ಬಂದ, ಕಾಯಿಲೆ ಬಿದ್ದ. ಪಾಪ, ಅವನಿಗೂ ಕಿಡ್ನೀನಾ ಎಂದು ಗಂಟಲು ಒಮ್ಮೆ ಕೇಳಿ ನಕ್ಕಿದ್ದ.

ಎರಡನೆಯ ಚಳಿಗಾಲದಲ್ಲಿ ಗಂಟಲಿನ ಹೃದಯ ಸೋಲತೊಡಗಿತು. ಆಗ ಒಂದು ಬೆಳಗ್ಗೆ ಸೂಜಿಯಣ್ಣ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ, ಎರಡು ರಟ್ಟುಗಳ ನಡುವೆ ಇಟ್ಟು, ಚೀಲದಲ್ಲಿ ಹಾಕಿಕೊಂಡು ವಾರ್ಡಿಗೆ ಬಂದ. ಹೆಂಡತಿ ಬಾಗಿಲವರೆಗೆ ಬಂದು ಕಳಿಸಿದಳು. ಹೇಳುವ ಮಾತನ್ನೂ ಅವನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಆದರೆ ಆ ದಿನ ಡಯಾಲಿಸಿಸ್ ಶುರುವಾಗಿ ಮುಕ್ಕಾಲು ಗಂಟೆಗೇ ಗಂಟಲಿನ ರಕ್ತದೊತ್ತಡ ಪಾತಾಳಕ್ಕೆ ಇಳಿಯಿತು. ಯಂತ್ರ ಕೂಗಿತು. ಕುರ್ಚಿ ಮಲಗಿಸಿ, ಕಾಲು ಮೇಲೆತ್ತಿ, ಸಲೈನ್ ಬಿಟ್ಟು, ಡಾಕ್ಟರನ್ನು ಕರೆದು, ಎಲ್ಲ ಮುಗಿಯುವಾಗ ಗಂಟಲು ಬೆವರಿನಲ್ಲಿ ತೊಯ್ದು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮಗಳು ಬಂದು ಕರೆದೊಯ್ದಳು. ಸೂಜಿಯಣ್ಣ ಬಟ್ಟೆ ಬದಲಿಸುವ ಕೋಣೆಗೆ ಬಂದು ಬೀರು ತೆರೆದ. ಚೀಲ ಹಾಗೆಯೇ ಇತ್ತು. ಅದನ್ನು ನೋಡಿ ಅವನಿಗಾದದ್ದು ನಿರಾಳ. ಇವತ್ತು ಕೊಡಬೇಕಾಗಲಿಲ್ಲವಲ್ಲ ಎಂಬ, ಒದ್ದೆ ಬಟ್ಟೆ ಕಳಚಿದಂಥ ನಿರಾಳ. ಅವನಿಗೆ ತನ್ನ ಬಗ್ಗೆ ಭಯವಾದದ್ದು ಆಗಲೇ. ಆದರೂ ಚಿತ್ರವನ್ನು ಮನೆಗೆ ತಂದು ಮತ್ತೆ ಅದೇ ಮೊಳೆಗೆ ತೂಗುಹಾಕಿದ. ಹೆಂಡತಿ ನೋಡಿದಳು, ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮುಂದಿನ ವಾರ ಗಂಟಲು ತೂಕದ ಯಂತ್ರ ಹತ್ತಲಿಲ್ಲ. ಮಗಳ ಭುಜ ಹಿಡಿದು ಬಂದು ಕುರ್ಚಿಯಲ್ಲಿ ಕೂತು, ಇವತ್ತು ಸೂಜಿ ಬೇಡ, ಹೇಳಿ ಹೋಗೋಣ ಅಂತ ಬಂದೆ ಎಂದ. ಡಯಾಲಿಸಿಸ್ ನಿಲ್ಲಿಸುವುದೆಂದು ಅಪ್ಪ ಮಗಳು ಡಾಕ್ಟರ ಜೊತೆ ಕೂತು ತೀರ್ಮಾನ ಮಾಡಿದ್ದರು. ನಿಲ್ಲಿಸಿದರೆ ಏನಾಗುತ್ತದೆಂದು ಆ ವಾರ್ಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಮಗಳು ಕಾಗದಗಳಿಗೆ ಸಹಿ ಹಾಕಲು ಹೋದಾಗ ಗಂಟಲು ಸೂಜಿಯಣ್ಣನ ಕೈ ಹಿಡಿದುಕೊಂಡ.

"ಹತ್ತು ದಿನದೊಳಗೆ ಅದು ಸಿಕ್ಕರೆ ಮನೆಗೆ ತಂದ್ಕೊಡು. ಸಿಗದಿದ್ದರೆ ನಿನ್ನ ತಪ್ಪೇನಿಲ್ಲ. ನೀನು ಹುಡುಕಿದ್ದೀಯ."

ಸೂಜಿಯಣ್ಣ ತಲೆಯಾಡಿಸಿದ.

ಮನೆಯಲ್ಲಿ ಹೆಂಡತಿ ದಿನ ಎಣಿಸಿದಳು. ಬೆಳಗ್ಗೆ ಕಾಫಿ ಲೋಟ ಇಡುವಾಗ, ಇವತ್ತು ಮೂರನೇ ದಿನ ಎನ್ನುವಳು. ಇವತ್ತು ನಾಲ್ಕು. ಅವನು ಎರಡು ಪಾಳಿ ಕೆಲಸ ಮಾಡಿದ. ಇವತ್ತು ಸುಸ್ತು, ನಾಳೆ ಹೋಗ್ತೀನಿ ಎಂದ. ಗಂಟಲಿಗೆ ಈಗ ಪ್ರಜ್ಞೆ ಇರುತ್ತೋ ಇಲ್ಲವೋ ಎಂದ. ಆರನೆಯ ದಿನ ಅವನು ಕೆಲಸದಿಂದ ಬಂದಾಗ ಹೆಂಡತಿ ಕುರ್ಚಿ ಹತ್ತಿ ಚಿತ್ರವನ್ನು ಮೊಳೆಯಿಂದ ಎತ್ತುತ್ತಿದ್ದಳು. ಹೊರಗೆ ಹೋಗುವ ಸೀರೆ ಉಟ್ಟಿದ್ದಳು. ನಿಮಗೆ ಮುಖ ತೋರ್ಸೋಕಾಗದಿದ್ದರೆ ನಾನು ಕೊಟ್ಟು ಬರ್ತೀನಿ, ಹೆಸರು ಹೇಳಲ್ಲ ಎಂದಳು. ಅವನು ಅವಳ ಮಣಿಕಟ್ಟನ್ನು ಹಿಡಿದ. ಬಿಡಿಸಿಕೊಳ್ಳಲು ನೋಡಿದಾಗ ಇನ್ನೂ ಗಟ್ಟಿಯಾಗಿ ಹಿಡಿದ. ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಅವಳ ಮೇಲೆ ಬಲ ಹಾಕಿದವನಲ್ಲ. ಅವಳು ಚಿತ್ರವನ್ನು ಮೊಳೆಗೆ ಬಿಟ್ಟು, ಅದು ಸೊಟ್ಟಗಿದ್ದುದನ್ನು ನೇರ ಮಾಡಿ, ಕೆಳಗಿಳಿದಳು.

"ಇನ್ನು ನಾನು ಎಣಿಸಲ್ಲ," ಎಂದಳು.

ಒಂಬತ್ತನೆಯ ದಿನ ಗಂಟಲು ಸತ್ತ. ಮಗಳು ಫೋನು ಮಾಡಿ ಹೇಳಿದಳು. ಸೂಜಿಯಣ್ಣ ಅಂತ್ಯಕ್ರಿಯೆಗೆ ಹೋದ. ಒಂದು ಕಾಲಕ್ಕೆ ಸಾವಿರಾರು ಜನರನ್ನು ಕುಣಿಸಿದವನಿಗೆ ಇಪ್ಪತ್ತು ಮಂದಿ ಸೇರಿದ್ದರು. ಮಗಳು ನೇರವಾಗಿ ಅವನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ ಅಪ್ಪ ನಂಬಿದ್ದು ನಿಮ್ಮೊಬ್ಬರನ್ನೇ, ಕೊನೇ ದಿನವೂ ಬಾಗಿಲು ಸದ್ದಾದರೆ ನೀವು ಬಂದ್ರಾ, ಆ ಚಿತ್ರ ಸಿಕ್ತಾ ಅಂತ ಕೇಳ್ತಿದ್ರು ಎಂದಳು. ಅವನು ಅತ್ತ. ಆ ಅಳು ನಿಜವೇ ಆಗಿತ್ತು. ಅದೇ ಅವನಿಗೆ ಆಮೇಲೆ ಅರ್ಥವಾಗದೆ ಹೋದದ್ದು.

ಒಂದು ವರ್ಷದ ಮೇಲೆ ಗ್ಯಾಲರಿಯ ಮೇಲ್ವಿಚಾರಕಿಯೊಬ್ಬಳು ಅವನ ಮನೆಗೆ ಬಂದಳು. ಆ ಪತ್ರಿಕೆಯ ಚಿತ್ರಗಳ ಪ್ರದರ್ಶನ ಮಾಡಬೇಕೆಂದಿದ್ದಳು. ಅಷ್ಟೂ ಮೂಲಚಿತ್ರಗಳು ಒಂದೇ ಕಡೆ ಇರುವುದು ಈ ಊಟದ ಕೋಣೆಯಲ್ಲಿ ಮಾತ್ರ ಎಂದು ಯಾರೋ ಹೇಳಿದ್ದರಂತೆ. ಅವನು ನಲವತ್ತನ್ನು ಕೊಡುತ್ತೇನೆ, ಒಂದನ್ನು ಮಾತ್ರ ಇಲ್ಲ ಎಂದ. ಅವಳು ಆ ಒಂದರ ಮುಂದೆಯೇ ಬಹಳ ಹೊತ್ತು ನಿಂತಳು. ಆಮೇಲೆ ಅವನ ಪುಸ್ತಕ ಓದಿದಳು. ಇದು ನಿಧಿ, ಚಿತ್ರಕ್ಕೊಂದು ಕಥೆ ಇಷ್ಟು ಜೀವಂತವಾಗಿ ಯಾರ ಹತ್ತಿರವೂ ಇಲ್ಲ ಎಂದಳು. ಯಾರು ಹೇಳಿದ್ದು ಎಂದು ಕೇಳಿದ್ದಕ್ಕೆ, ಆ ಕಾಲದ ಒಬ್ಬ ಹಾಡುಗಾರ, ನನ್ನ ಸ್ನೇಹಿತ ಎಂದ. ಮೂವತ್ತು ವರ್ಷ ಅವನ ಹುಚ್ಚನ್ನು ಇಷ್ಟು ಗಂಭೀರವಾಗಿ ಯಾರೂ ತೆಗೆದುಕೊಂಡಿರಲಿಲ್ಲ. ಸತ್ತವನು ಇನ್ನು ಕೇಳಲು ಬರುವುದಿಲ್ಲ ಎಂಬ ಯೋಚನೆ ಬಂದುಹೋಯಿತು. ಸಂಜೆಯೊಳಗೆ ನಲವತ್ತೊಂದಕ್ಕೂ ಒಪ್ಪಿದ. ಗಂಟಲಿನ ಚಿತ್ರದ ಕೆಳಗಿನ ಚೀಟಿಗೆ ಅವಳು ಒಂದು ವಾಕ್ಯ ಆರಿಸಿದಳು, ಇದಕ್ಕಿಂತ ಒಳ್ಳೆಯದು ಬರೆದರೂ ಬರಲ್ಲ ಎಂದಳು. ಹಾಕಿ ಎಂದ.

ಪ್ರದರ್ಶನದ ಮೊದಲ ವಾರ ಅವನು ದಿನಾ ಸಂಜೆ ಗ್ಯಾಲರಿಗೆ ಹೋಗುತ್ತಿದ್ದ. ಬಿಳಿ ಗೋಡೆ, ಒಳ್ಳೆಯ ಬೆಳಕು, ತನ್ನ ಮನೆಯ ಚಿತ್ರಗಳ ಮುಂದೆ ತಲೆ ವಾಲಿಸಿ ನಿಂತ ಅಪರಿಚಿತರು. ಜನ ಚಪ್ಪಲಿ ಸದ್ದಾಗದಂತೆ ನಡೆಯುತ್ತಿದ್ದರು. ಹೆಂಡತಿ ಬರಲಿಲ್ಲ. ಐದನೆಯ ಸಂಜೆ ಅವನು ಒಳಗೆ ಕಾಲಿಟ್ಟಾಗ ಗಂಟಲಿನ ಚಿತ್ರದ ಮುಂದೆ ಮಗಳು ನಿಂತಿದ್ದಳು. ಕೈಯಲ್ಲಿ ಕಾರಿನ ಕೀಲಿ. ಅವಳು ಚಿತ್ರವನ್ನು ನೋಡುತ್ತಿರಲಿಲ್ಲ, ಬಾಗಿ ಚೀಟಿಯನ್ನು ಓದುತ್ತಿದ್ದಳು. ಅದರಲ್ಲಿ ಹೀಗಿತ್ತು: ಅದು ಯಾರದೋ ಮನೆ ಗೋಡೆ ಮೇಲಿದೆ, ನಮ್ಮಮ್ಮ ಇನ್ನೂ ಅಲ್ಲಿ ಮಂಡಿ ಊರ್ಕೊಂಡೇ ಇದ್ದಾಳೆ. ಕೆಳಗೆ, ಸಂಗ್ರಹ ಎಂದು ಬರೆದು ಅವನ ಪೂರ್ತಿ ಹೆಸರು. ಅವಳು ಆಸ್ಪತ್ರೆಯಲ್ಲಿ ಎರಡು ವರ್ಷ ಅವನ ಎದೆಯ ಮೇಲಿನ ಪಟ್ಟಿಯಲ್ಲಿ ಓದಿದ್ದ ಹೆಸರು.

ಅವನು ಅಲ್ಲೇ ನಿಂತ. ಅವಳು ತಿರುಗಿ ನೋಡಿದಳು. ದನಿ ಏರಿಸಲಿಲ್ಲ.

"ಯಾವಾಗಿಂದ ಇದೆ ನಿಮ್ಮ ಹತ್ರ?"

"ಹದಿನಾಲ್ಕು ವರ್ಷ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಅವನಿಗೆ ಕಂಡಿತು. ಅಪ್ಪ ಕೇಳಿದ ದಿನವೂ ಇತ್ತು. ನಿಲ್ಲಿಸಿದ ದಿನವೂ ಇತ್ತು. ಬಾಗಿಲು ಸದ್ದಾದ ದಿನಗಳಲ್ಲೂ ಇತ್ತು.

"ಇದನ್ನ ಅಪ್ಪ ನನಗೂ ಹೇಳಿರಲಿಲ್ಲ," ಎಂದಳು ಚೀಟಿ ತೋರಿಸಿ. "ನಿಮಗೆ ಹೇಳಿದ್ರು. ನೀವು ಮನೆಗೆ ಹೋಗಿ ಬರ್ಕೊಂಡ್ರಿ."

ಅವನು ಏನೋ ಹೇಳಲು ಹೋದ. ಅವಳು ಕಾಯಲಿಲ್ಲ.

ಆ ರಾತ್ರಿಯೆಲ್ಲ ಯೋಚಿಸಿ ಅವನು ಮಾರನೆಯ ಬೆಳಗ್ಗೆ ಗ್ಯಾಲರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿದ್ದ. ಮೇಲ್ವಿಚಾರಕಿ ಒಪ್ಪಂದದ ಮಾತಾಡಿದಳು, ಬೇಡಿಕೊಂಡಳು, ಸಿಟ್ಟಾದಳು. ಅವನು ಚಿತ್ರವನ್ನು ಇಳಿಸಿ, ಚೌಕಟ್ಟಿನ ಸಮೇತ ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಮಗಳ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಅಂತ್ಯಕ್ರಿಯೆಯ ದಿನ ಬಂದಿದ್ದ ಮನೆ. ಅವಳು ಬಾಗಿಲು ತೆರೆದು, ಅವನನ್ನೂ ಅವನ ಕಂಕುಳನ್ನೂ ನೋಡಿ, ದಾರಿ ಬಿಟ್ಟಳು. ಕೂತ್ಕೊಳ್ಳಿ ಎನ್ನಲಿಲ್ಲ.

ನಿಮ್ಮದು, ಏನು ಬೇಕಾದರೂ ಮಾಡಿ ಎಂದು ಅವನು ಹೇಳಿದ. ಅವಳು ಚೌಕಟ್ಟನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕವುಚಿ ಹಾಕಿ, ಚಾಕುವಿನ ತುದಿಯಿಂದ ಹಿಂದಿನ ಮೊಳೆಗಳನ್ನು ಎಬ್ಬಿಸಿದಳು. ಚಿತ್ರವನ್ನು ಹೊರಗೆಳೆದು ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದಳು. ಒಲೆಯ ಮೇಲೆ ಹಾಲು ಕಾಯುತ್ತಿತ್ತು, ಅದಕ್ಕೇ ಬೆಂಕಿಯ ಬದಲು ನೀರು ಕೈಗೆ ಸಿಕ್ಕಿತೋ ಏನೋ. ಸಿಂಹಾಸನದ ಕೆಂಪು ಮೊದಲು ಹೋಯಿತು. ಸರಪಳಿಯ ಹಳದಿ ಕರಗಿ ಜಾಲಿಯಲ್ಲಿ ಇಳಿಯಿತು. ಬಕೆಟ್ಟಿನ ನೀಲಿ ಹೋಯಿತು. ಆದರೆ ಕಪ್ಪು ಗೆರೆಗಳು ಹಾಗೆಯೇ ನಿಂತವು. ಬಣ್ಣವೆಲ್ಲ ತೊಳೆದುಹೋದ ಮೇಲೆ ಆ ಮುದುಕಿ ಮೊದಲಿಗಿಂತ ಸ್ಪಷ್ಟವಾಗಿ ಕಂಡಳು, ಬಿಳಿ ಕಾಗದದ ಮೇಲೆ ಒಬ್ಬಳೇ, ಮಂಡಿಯೂರಿ. ಮಗಳು ಹೆಬ್ಬೆರಳಿನಿಂದ ಉಜ್ಜಿದಳು.

"ಇದು ಹೋಗಲ್ವಾ?"

"ಇಲ್ಲ," ಎಂದ ಅವನು. "ಆ ಶಾಯಿ ನೀರಿಗೆ ಹೋಗಲ್ಲ."

ಅವಳು ನಲ್ಲಿ ನಿಲ್ಲಿಸಿದಳು. ಡ್ರಾಯರ್ ತೆಗೆದು ಕತ್ತರಿ ತಂದು ಅವನ ಮುಂದೆ ಇಟ್ಟಳು.

"ನೀವೇ ಕತ್ತರಿಸಿ."

ಅವನು ತೊಯ್ದ ಕಾಗದವನ್ನು ಎತ್ತಿಕೊಂಡ. ದಪ್ಪ ಕಾಗದ, ನೀರು ಕುಡಿದು ಭಾರವಾಗಿತ್ತು. ಮೊದಲು ಮೇಲಿನ ಅಂಚು, ಸಂಪಾದಕರ ಕೈಬರಹ. ಆಮೇಲೆ ಸಿಂಹಾಸನದ ಬೆನ್ನು, ಆ ದೊಡ್ಡ ಬಾಯಿ. ಕತ್ತರಿ ಸರಪಳಿಯ ಹತ್ತಿರ ಬಂತು. ಅವನ ಕೈ ತಾನಾಗಿಯೇ ನಿಧಾನವಾಯಿತು, ಸ್ವಲ್ಪ ಎಡಕ್ಕೆ ಹೊರಳಿತು, ಮುದುಕಿಯ ಬೆನ್ನಿನ ಗೆರೆಯಿಂದ ಕೂದಲೆಳೆ ದೂರದಲ್ಲಿ, ಗೆರೆಗೆ ತಾಗದಂತೆ, ಸುತ್ತಿಕೊಂಡು ಹೋಗತೊಡಗಿತು. ಅವನಿಗೆ ಅದು ಗೊತ್ತಾಗಲೇ ಇಲ್ಲ. ಮಗಳಿಗೆ ಗೊತ್ತಾಯಿತು. ಅವಳು ಪಕ್ಕದಲ್ಲೇ ನಿಂತು ಅವನ ಕೈಯನ್ನು ನೋಡುತ್ತಿದ್ದಳು, ಸ್ಟೀರಿಂಗಿನ ಮೇಲಿನ ಕೈಯನ್ನು ನೋಡುವ ಹಾಗೆ.

"ನೇರವಾಗಿ," ಎಂದಳು.

ಅವನ ಕೈ ನಿಂತಿತು. ಹಾಲು ಉಕ್ಕುವ ಸದ್ದಾಯಿತು, ಅವಳು ಕಣ್ಣು ತೆಗೆಯದೆಯೇ ಒಲೆ ಆರಿಸಿದಳು.

"ನೇರವಾಗಿ ಹೋಗಿ."

ಅವನು ನೇರವಾಗಿ ಕತ್ತರಿಸಿದ. ಕತ್ತರಿ ಮುದುಕಿಯ ಸೊಂಟದಲ್ಲಿ ಹಾದುಹೋದಾಗ ಅವನಿಗೆ ನೋವಾಯಿತು. ಆ ನೋವು ಗಂಟಲಿಗಾಗಿಯೂ ಅಲ್ಲ, ಮಗಳಿಗಾಗಿಯೂ ಅಲ್ಲ, ಗೆರೆಗಾಗಿ. ಅದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಚೂರುಗಳು ಬೆರಳುಗುರಿನಷ್ಟಾಗುವವರೆಗೆ ಅವಳು ನಿಲ್ಲಿಸಿ ಎನ್ನಲಿಲ್ಲ. ಕೊನೆಗೆ ಅವನ್ನು ಒಂದು ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಖಾಲಿ ಚೌಕಟ್ಟನ್ನು ಅವನ ಕೈಗೆ ಕೊಟ್ಟಳು. ಬಾಗಿಲಲ್ಲಿ ಅವನು ಕ್ಷಮಿಸಿ ಎಂದ. ಅವಳು ಸ್ವಲ್ಪ ಯೋಚಿಸಿ, ಅಪ್ಪ ಇದ್ದಿದ್ದರೆ ಕ್ಷಮಿಸ್ತಿದ್ರು, ಅವರಿಗೆ ನೀವಂದ್ರೆ ಇಷ್ಟ ಇತ್ತು ಎಂದಳು. ಆಮೇಲೆ ಬಾಗಿಲು ಹಾಕಿಕೊಂಡಳು.

ಮನೆಯಲ್ಲಿ ಅವನು ಹೆಂಡತಿಗೆ ಏನನ್ನೂ ಮುಚ್ಚಿಡಲಿಲ್ಲ. ಕತ್ತರಿ ಹೊರಳಿದ್ದನ್ನೂ ಹೇಳಿದ. ಅವಳು ಗಾಜು ಕೊರೆದು ಒರಟಾದ ತನ್ನ ಬೆರಳ ತುದಿಗಳನ್ನು ನೋಡಿಕೊಳ್ಳುತ್ತಾ ಕೇಳಿದಳು. ಚೌಕಟ್ಟಿಗೆ ಏನು ಮಾಡ್ತೀರಿ ಎಂದಷ್ಟೇ ಕೇಳಿದಳು. ಅವನು ಅದನ್ನು ಗೋಡೆಗೆ ಒರಗಿಸಿಟ್ಟ.

ಸುದ್ದಿ ಹೇಗೋ ಹಬ್ಬಿತು. ಬೇರೆ ಸಂಗ್ರಹಕಾರರು ಫೋನು ಮಾಡಿದರು. ಒಬ್ಬ ಬಾಯಿಗೆ ಬಂದಂತೆ ಬಯ್ದ, ಇಂಥ ಚಿತ್ರ ಹಾಳುಮಾಡುವುದಕ್ಕೆ ನಿನಗೆ ಹಕ್ಕು ಕೊಟ್ಟವರು ಯಾರು ಎಂದ. ಇನ್ನೊಬ್ಬ, ಚೂರುಗಳೇನಾದರೂ ಉಳಿದಿವೆಯಾ ಎಂದು ಮೆಲ್ಲಗೆ ವಿಚಾರಿಸಿದ. ಅದಕ್ಕೆ ಮುಂಚೆ ನಡೆದದ್ದನ್ನು ಯಾರೂ ಕೇಳಲಿಲ್ಲ. ಪ್ರದರ್ಶನ ಮುಗಿದ ಮೇಲೆ ಉಳಿದ ನಲವತ್ತನ್ನು ಒಯ್ಯಲು ಗ್ಯಾಲರಿಯವರು ಎರಡು ಸಲ ಪತ್ರ ಬರೆದರು. ಅವನು ಹೋಗಲಿಲ್ಲ. ಊಟದ ಕೋಣೆಯ ಗೋಡೆಗಳಲ್ಲಿ ಮೊಳೆಗಳು ಹಾಗೆಯೇ ಇವೆ. ಹೆಂಡತಿ ಈಗ ಮತ್ತೆ ಅಲ್ಲಿಯೇ ಕೂತು ಉಣ್ಣುತ್ತಾಳೆ, ಆದರೆ ಮೊದಲಿನಷ್ಟು ಮಾತಿಲ್ಲ.

ವಾರ್ಡಿನಲ್ಲಿ ಏಳನೇ ಕುರ್ಚಿಗೆ ಇಸ್ತ್ರಿ ಅಂಗಡಿಯ ಮುದುಕನೊಬ್ಬ ಬರುತ್ತಾನೆ, ವಾಚಾಳಿ. ತನ್ನ ಕಥೆ ಹೇಳಲು ಶುರುಮಾಡಿದರೆ ಸೂಜಿಯಣ್ಣ, ಮಾತಾಡಬೇಡಿ, ಒತ್ತಡ ಏರುತ್ತೆ ಎನ್ನುತ್ತಾನೆ. ಏರುವುದಿಲ್ಲ ಎಂದು ಇಬ್ಬರಿಗೂ ಗೊತ್ತು.

ಒಮ್ಮೆ, ಕೆಲಸ ಮುಗಿಸಿ ರಸ್ತೆ ದಾಟಲು ನಿಂತಿದ್ದಾಗ, ಕಲಿಯುವವರ ಫಲಕ ಹೊತ್ತ ಕಾರೊಂದು ಸಿಗ್ನಲ್ಲಿನಲ್ಲಿ ಅವನ ಮುಂದೆಯೇ ನಿಂತಿತು. ಸ್ಟೀರಿಂಗ್ ಹಿಡಿದವಳು ಯಾರೋ ನಡುವಯಸ್ಸಿನ ಹೆಂಗಸು, ಪಕ್ಕದಲ್ಲಿ ಗಂಟಲಿನ ಮಗಳು. ಗಾಜು ಇಳಿಸಿತ್ತು. ಅವಳು ಅವನನ್ನು ನೋಡಿದಳು. ಅವನು ಕೈ ಎತ್ತಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಹಸಿರು ದೀಪ ಬಂತು. ಹೆಂಗಸು ಗಾಬರಿಯಲ್ಲಿ ಕ್ಲಚ್ ಬಿಟ್ಟು ಕಾರು ಜಿಗಿದು ನಿಂತಿತು. ಹಿಂದಿನವರು ಹಾರ್ನ್ ಹೊಡೆದರು. ಮಗಳು ಮುಖ ತಿರುಗಿಸಿ, ಪರವಾಗಿಲ್ಲ, ನಿಧಾನವಾಗಿ, ಇನ್ನೊಂದು ಸಲ ಎಂದು ಹೇಳಿಕೊಡತೊಡಗಿದಳು. ಮೂರನೇ ಸಲಕ್ಕೆ ಕಾರು ಹೊರಟಿತು.